ಫುಲ್ ಥ್ರಾಟಲ್‌ನಲ್ಲಿ 15 ನಿಮಿಷ ಓಡಿ ನಿಲ್ಲುವ ಸೀಮೆಎಣ್ಣೆ ಔಟ್‌ಬೋರ್ಡ್: ಎಲ್ಲಿಂದ ಹುಡುಕುವುದು?

ಮರವಂತೆ_ದೋಣಿ:
ನಾಡದೋಣಿಯ ಎಂಜಿನ್. 9.9 ಎಚ್‌ಪಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಸೀಮೆಎಣ್ಣೆ ಮಾದರಿ. ಪೆಟ್ರೋಲಿನಲ್ಲಿ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗ್ತದೆ. ಮೂರು ನಿಮಿಷ ಬಿಸಿ ಮಾಡಿ ಸೀಮೆಎಣ್ಣೆಗೆ ತಿರುಗಿಸಿದರೂ ತಕರಾರಿಲ್ಲ. ಅರ್ಧ ಥ್ರಾಟಲ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ಓಡ್ತದೆ. ಫುಲ್ ಕೊಟ್ಟರೆ 15–20 ನಿಮಿಷಕ್ಕೆ ನಿಲ್ತದೆ. ಹತ್ತು ನಿಮಿಷ ಬಿಟ್ಟು ಎಳೆದರೆ ಏನೂ ಆಗಿಲ್ಲ ಎಂಬಂತೆ ಮತ್ತೆ ಸ್ಟಾರ್ಟ್. ಪ್ಲಗ್ ಎರಡು ಸಲ ಹೊಸತು ಹಾಕಿ ಆಯ್ತು, ಕಾರ್ಬರೇಟರ್ ಒಮ್ಮೆ ಬಿಚ್ಚಿ ತೊಳೆದಾಯ್ತು. ಮಳೆಗಾಲದ ಮೀನುಗಾರಿಕೆ ಶುರುವಾಗುವ ಮೊದಲು ಸರಿಯಾಗಬೇಕು.

ಸ್ಪ್ಯಾನರ್_ಪೆಟ್ಟಿಗೆ:
ಇನ್ನು ಯಾವ ಪಾರ್ಟನ್ನೂ ಕೊಳ್ಳಬೇಡಿ. ಮೊದಲು ಒಂದು ಪ್ರಶ್ನೆ, ಇದರ ಉತ್ತರದಲ್ಲಿ ಅರ್ಧ ಕೆಲಸ ಮುಗೀತದೆ. ನಿಲ್ಲುವಾಗ ಹೇಗೆ ನಿಲ್ತದೆ? ಸ್ವಿಚ್ ಒತ್ತಿದ ಹಾಗೆ ಟಕ್ ಅಂತ ಒಂದೇ ಏಟಿಗೆ ನಿಲ್ತದಾ, ಅಥವಾ ಸ್ವರ ಇಳಿದು, ಒಂದೆರಡು ಸಲ ಏರಿಳಿದು, ಉಸಿರು ಕಟ್ಟಿದ ಹಾಗೆ ನಿಲ್ತದಾ?

ಟಕ್ ಅಂತ ನಿಂತರೆ ಕರೆಂಟ್ ಕಡೆ ನೋಡಬೇಕು: ಸ್ಟಾಪ್ ಸ್ವಿಚ್, ಕಾಯಿಲ್, ಸಿಡಿಐ (ಪ್ಲಗ್ಗಿನ ಕಿಡಿಗೆ ಹೊತ್ತಿಗೆ ಸರಿಯಾಗಿ ಕರೆಂಟ್ ಬಿಡುವ ಪೆಟ್ಟಿಗೆ). ಏರಿಳಿದು ನಿಂತರೆ ಎಣ್ಣೆ, ಅಂದರೆ ಇಂಧನ, ಸಾಲುತ್ತಿಲ್ಲ. ಇನ್ನೂ ಒಂದು ಬಗೆ ಉಂಟು. ನಿಧಾನಕ್ಕೆ ಎಳೆತ ಕಡಿಮೆಯಾಗಿ, ಯಾರೋ ಬ್ರೇಕ್ ಹಾಕಿದ ಹಾಗೆ ಬಿಗಿದು ನಿಂತು, ಆಮೇಲೆ ಸ್ಟಾರ್ಟ್ ಮಾಡುವ ಹಗ್ಗವೂ ಬಿಗಿಯಾಗಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗಿ ಪಿಸ್ಟನ್ ಹಿಡಿಯುತ್ತಿದೆ ಎಂದರ್ಥ. ಇದು ಮೂರನೆಯದಾದರೆ ಪರೀಕ್ಷೆಗಂತಲೂ ಓಡಿಸಬೇಡಿ.

ಅರ್ಧ ಥ್ರಾಟಲ್‌ನಲ್ಲಿ ಸರಿ, ಫುಲ್‌ನಲ್ಲಿ ಮಾತ್ರ ತೊಂದರೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಎಣ್ಣೆ ಬರುವ ದಾರಿಯ ಮೇಲೆ. ಈ ಅಳತೆಯ ಟೂ ಸ್ಟ್ರೋಕ್ ಫುಲ್‌ನಲ್ಲಿ ಗಂಟೆಗೆ ಸುಮಾರು 4–5 ಲೀಟರ್ ಕುಡೀತದೆ, ಅರ್ಧದಲ್ಲಿ ಅದರ ಅರ್ಧವೂ ಬೇಡ. ದಾರಿ ಸ್ವಲ್ಪ ಕಟ್ಟಿದ್ದರೆ ಅರ್ಧಕ್ಕೆ ಸಾಕಾಗ್ತದೆ, ಫುಲ್‌ಗೆ ಸಾಕಾಗುವುದಿಲ್ಲ.

ಕೋಡಿ_ಕಡಲು:
ಎಂಜಿನ್ ನೋಡುವ ಮೊದಲು ಇದೊಂದು ಮಾತು. ಪರೀಕ್ಷೆ ಏನೇ ಇದ್ದರೂ ಅಳಿವೆಯಲ್ಲಿ ಮಾಡಬೇಡಿ, ಹೊಳೆಯ ಒಳಗೆ ಮಾಡಿ. ಗಂಗೊಳ್ಳಿ ಅಳಿವೆಯಾಗಲಿ ಕೋಡಿ ಬೆಂಗ್ರೆಯಾಗಲಿ, ತೆರೆ ಮುರಿಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಲು ಅರ್ಧ ನಿಮಿಷ ಸಾಕು. ನಿಂತ ಕೂಡಲೇ ಹಗ್ಗ ಎಳೆಯುತ್ತ ಕೂರುವುದೇ ಎಲ್ಲರೂ ಮಾಡುವ ತಪ್ಪು. ಮೊದಲು ಲಂಗರು ಬಿಡಿ, ಮುಂಭಾಗ ತೆರೆಗೆ ಎದುರಾಗಲಿ, ಎಂಜಿನ್ ಆಮೇಲೆ. ಲಂಗರು ಹಗ್ಗ ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದ ಬೇಕು, ಸಿಕ್ಕು ಬೀಳದ ಹಾಗೆ ಸುತ್ತಿಟ್ಟಿರಬೇಕು. ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಅಟ್ಟದಡಿ ಅಲ್ಲ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಎರಡನ್ನೂ ಬಣ್ಣದಲ್ಲಿ ದೋಣಿಯ ಒಳಬದಿಗೆ ಬರೆದಿಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ. ಹೊರಗಿರುವುದು 10 ಎಚ್‌ಪಿ ಒಳಗಿನ ನಾಡದೋಣಿಗಳು ಮಾತ್ರ. ಎಳೆದು ತರಲು ದೊಡ್ಡ ಬೋಟ್ ಹತ್ತಿರ ಇರುವುದಿಲ್ಲ. ಹಾಗಾಗಿ ಈ ಕಾಯಿಲೆ ಈಗಲೇ ಮುಗಿಯಬೇಕು.

ಮರವಂತೆ_ದೋಣಿ:
ಏರಿಳಿದು ನಿಲ್ತದೆ. ಸ್ವರ ಇಳಿಯುತ್ತದೆ, ಒಮ್ಮೆ ಜೋರಾಗುತ್ತದೆ, ಮತ್ತೆ ಇಳಿದು ನಿಲ್ತದೆ. ಹಗ್ಗ ಬಿಗಿ ಇಲ್ಲ. ಎಂಜಿನ್ ತಣಿಸಿ ಪಕ್ಕದಿಂದ ಬೀಳುವ ನೀರಿನ ಧಾರೆ ಚೆನ್ನಾಗಿ ಉಂಟು.

ಹೊಸ_ಹುಟ್ಟು:
ಬಿಸಿಯಾಗಿಯೇ ನಿಲ್ಲುವುದು ಅನಿಸ್ತದೆ. ಥರ್ಮೋಸ್ಟಾಟ್ ತೆಗೆದು ಹಾಕಿ, ಎಣ್ಣೆಗೆ ಆಯಿಲ್ ಸ್ವಲ್ಪ ಜಾಸ್ತಿ ಬೆರೆಸಿ, ಸರಿಯಾಗಬಹುದು.

ಸ್ಪ್ಯಾನರ್_ಪೆಟ್ಟಿಗೆ:
ಎರಡೂ ಬೇಡ. ಸೀಮೆಎಣ್ಣೆ ಎಂಜಿನ್ನಿಗೆ ಬಿಸಿಯೇ ಆಧಾರ. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ತಣ್ಣಗೆ ಓಡಿ, ಉರಿಯದ ಎಣ್ಣೆ ಪ್ಲಗ್ ಮೇಲೆ, ಪಿಸ್ಟನ್ ತಲೆಯ ಮೇಲೆ ಕರಿಯಾಗಿ ಕೂರ್ತದೆ. ಆಗ ಪ್ಲಗ್ ಒದ್ದೆಯಾಗಿ ನಿಲ್ಲುವ ಇನ್ನೊಂದು ಕಾಯಿಲೆ ಶುರು.

ಆಯಿಲ್ ಜಾಸ್ತಿ ಬೆರೆಸಿದರೆ ಅಷ್ಟರಮಟ್ಟಿಗೆ ಇಂಧನ ಕಡಿಮೆಯಾಗಿ ಮಿಶ್ರಣ ಇನ್ನೂ ಬಡವಾಗ್ತದೆ, ಕರಿಯೂ ಹೆಚ್ಚು. ಅಳತೆ ಎಂಜಿನ್ ಪುಸ್ತಕದಲ್ಲಿ ಹೇಳಿದಷ್ಟೇ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಕಣ್ಣಂದಾಜು ಬೇಡ, ಔಷಧದ ಅಳತೆ ಲೋಟ ಇಟ್ಟುಕೊಳ್ಳಿ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರಬೇಕು, ನೀರಿನಲ್ಲಿ ತಣಿಯುವ ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್‌ಗೆ ಅದು ಗುರುತು. ಬೈಕಿನ ಟೂಟಿ ಆಯಿಲ್ ಗಾಳಿಯಲ್ಲಿ ತಣಿಯುವ ಎಂಜಿನ್ನಿಗೆ ಮಾಡಿದ್ದು.

ಈಗ ಮರವಂತೆಯವರಿಗೆ. ಹೊಳೆಯಲ್ಲಿ ಇಬ್ಬರು ಹೋಗಿ. ಒಬ್ಬರು ಥ್ರಾಟಲ್ ಹಿಡೀರಿ, ಇನ್ನೊಬ್ಬರ ಕೈ ರಬ್ಬರ್ ಬಲ್ಬ್ (ಟ್ಯಾಂಕಿನಿಂದ ಬರುವ ಪೈಪಿನ ನಡುವೆ ಒತ್ತಿ ಎಣ್ಣೆ ತುಂಬಿಸುವ ಉಂಡೆ) ಮೇಲೆ ಇರಲಿ. ಸ್ವರ ಇಳಿಯಲು ಶುರುವಾದ ಕ್ಷಣದಲ್ಲಿ ಬಲ್ಬ್ ಹೇಗಿದೆ ನೋಡಿ.

ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಬಲ್ಬಿಗಿಂತ ಹಿಂದೆ, ಅಂದರೆ ಟ್ಯಾಂಕ್ ಕಡೆ, ದಾರಿ ಕಟ್ಟಿದೆ. ಮೆತ್ತಗಿದ್ದು, ಒತ್ತಿದಾಗ ಎಂಜಿನ್ ಚೇತರಿಸಿಕೊಂಡರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಎಂಜಿನ್ನಿನ ಫ್ಯುಯಲ್ ಪಂಪ್ ಸೋತಿದೆ. ಬಲ್ಬ್ ಗಟ್ಟಿಯಾಗಿದ್ದು, ಒತ್ತಿದರೂ ಎಂಜಿನ್ ನಿಂತರೆ ಎಣ್ಣೆ ಕಾರ್ಬರೇಟರಿನ ಬಾಗಿಲ ತನಕ ಬಂದಿದೆ. ಆಗ ಒಳಗಿನ ಸೂಜಿ, ಜೆಟ್ (ಎಣ್ಣೆ ಹೋಗುವ ಸಣ್ಣ ತೂತಿನ ತುಂಡು) ನೋಡಬೇಕು, ಇಲ್ಲವಾದರೆ ಕರೆಂಟ್.

ಬಲ್ಬ್ ಮೇಲಿನ ಬಾಣದ ಗುರುತು ಎಂಜಿನ್ ಕಡೆ ಇದೆಯಾ ಅಂತಲೂ ನೋಡಿ. ಪೈಪ್ ಬದಲಿಸುವಾಗ ತಿರುಗಿಸಿ ಹಾಕಿದರೆ ಒಳಗಿನ ವಾಲ್ವ್ ಎಣ್ಣೆ ಬಿಡುವುದೇ ಇಲ್ಲ.

ಅಘನಾಶಿನಿ_ತೀರ:
ಅದಕ್ಕೂ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು. ಮುಚ್ಚಿದ್ದರೆ ಅಥವಾ ಉಪ್ಪು, ಮೀನಿನ ಹುರುಪೆ ತುಂಬಿ ಕಟ್ಟಿದ್ದರೆ, ಎಣ್ಣೆ ಖಾಲಿಯಾದಷ್ಟೂ ಟ್ಯಾಂಕ್ ಒಳಗೆ ನಿರ್ವಾತ ಬೆಳೀತದೆ. ಹತ್ತು ಹದಿನೈದು ನಿಮಿಷಕ್ಕೆ ನಿಲ್ಲುವುದು, ಬಿಟ್ಟರೆ ಸ್ಟಾರ್ಟ್ ಆಗುವುದು, ಇದೇ ಲಕ್ಷಣ. ನಿಂತಾಗ ಮುಚ್ಚಳ ತೆರೆದರೆ ಉಸ್ ಅಂತ ಗಾಳಿ ಒಳಗೆ ಹೋಗುವ ಶಬ್ದ ಬಂದರೆ ಕತೆ ಅಲ್ಲಿಗೇ ಮುಗೀತು. ಪರೀಕ್ಷೆಗೆ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಟ್ಟೇ ಓಡಿಸಿ.

ಮರವಂತೆ_ದೋಣಿ:
ಇಂದು ಬೆಳಿಗ್ಗೆ ಹೊಳೆಯಲ್ಲಿ ಮಾಡಿದೆವು. ಮುಚ್ಚಳ ಸಡಿಲ ಬಿಟ್ಟರೂ 17 ನಿಮಿಷಕ್ಕೆ ಸ್ವರ ಇಳಿಯಿತು. ಬಲ್ಬ್ ಚಪ್ಪಟೆ. ಪೂರ್ತಿ ಅಲ್ಲ, ಆದರೆ ಬದಿಗಳು ಒಳಗೆ ಹೋಗಿದ್ದವು. ಒತ್ತಿದರೆ ಹಿಂದಕ್ಕೆ ಉಬ್ಬಲು ಏಳೆಂಟು ಸೆಕೆಂಡ್ ಬೇಕಾಯ್ತು.

ಸ್ಪ್ಯಾನರ್_ಪೆಟ್ಟಿಗೆ:
ಹಾಗಾದರೆ ಕಾರ್ಬರೇಟರ್ ಸದ್ಯಕ್ಕೆ ನಿರ್ದೋಷಿ. ಟ್ಯಾಂಕಿನಿಂದ ಬಲ್ಬಿನವರೆಗೆ ಮೂರೇ ಜಾಗ.

ಒಂದು, ಟ್ಯಾಂಕ್ ಒಳಗೆ ಇಳಿದಿರುವ ಎಳೆಯುವ ಕೊಳವೆಯ ತುದಿಯ ಜಾಲರಿ. ಹೊರಗೆ ತೆಗೆಯಿರಿ. ಹಳೆಯ ಸೀಮೆಎಣ್ಣೆ ಟ್ಯಾಂಕಿನಲ್ಲಿ ಕಂದು ಲೋಳೆಯಂಥದ್ದು ಅಂಟಿರ್ತದೆ. ತಳದಲ್ಲಿ ನೀರು ನಿಂತ ಕಡೆ ಬೆಳೆಯುವ ಪಾಚಿಯಂಥ ವಸ್ತು ಅದು. ಎಂಜಿನ್ ಎಳೆದಾಗ ಬಂದು ಜಾಲರಿಗೆ ಅಂಟ್ತದೆ, ನಿಂತ ಮೇಲೆ ಕಳಚಿ ತಳಕ್ಕೆ ಬೀಳ್ತದೆ. ಹತ್ತು ನಿಮಿಷ ಬಿಟ್ಟರೆ ಸರಿಯಾಗುವುದು ಇದರಿಂದಲೇ ಇರಬಹುದು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಂದು ಲೀಟರ್ ಚೊಕ್ಕ ಸೀಮೆಎಣ್ಣೆ ಹಾಕಿ ಕುಲುಕಿ, ಬಿಳಿ ಬಟ್ಟೆಯಲ್ಲಿ ಸೋಸಿ. ಬಟ್ಟೆ ಮೇಲೆ ಏನೂ ಉಳಿಯದಷ್ಟು ಸಲ ತೊಳೆಯಿರಿ.

ಎರಡು, ಪೈಪ್. ಹೊರಗಿನಿಂದ ಹೊಸತರ ಹಾಗೆ ಕಂಡರೂ ಒಳಪದರ ಬಿಟ್ಟು ನಾಲಿಗೆ ಹಾಗೆ ಜೋತುಬಿದ್ದಿರ್ತದೆ. ಎಳೆತ ಜೋರಾದಾಗ ಆ ನಾಲಿಗೆ ಎದ್ದು ದಾರಿ ಮುಚ್ತದೆ. ಬಾಯಲ್ಲಿ ಊದಿದರೆ ಗೊತ್ತಾಗುವುದಿಲ್ಲ, ಊದಿದಾಗ ನಾಲಿಗೆ ಮಲಗ್ತದೆ. ಪೈಪನ್ನು ತುದಿಯಲ್ಲಿ ಒಂದು ಇಂಚು ಕತ್ತರಿಸಿ ಒಳಗೆ ನೋಡಿ. ಪದರ ಬಿರಿದಿದ್ದರೆ ಇಡೀ ಪೈಪ್ ಬದಲಿಸಿ. ಪೆಟ್ರೋಲ್, ಸೀಮೆಎಣ್ಣೆ ತಡೆಯುವ ಮೆರೈನ್ ಫ್ಯುಯಲ್ ಪೈಪೇ ಬೇಕು, ಒಳಗಿನ ಅಳತೆ ಮೊದಲಿದ್ದಷ್ಟೇ. ನೀರಿನ ಪಾರದರ್ಶಕ ಪೈಪ್ ಎರಡು ತಿಂಗಳಲ್ಲಿ ಗಟ್ಟಿಯಾಗಿ ಒಡೀತದೆ.

ಮೂರು, ಬಲ್ಬಿನ ಒಳಬರುವ ಬದಿಯ ವಾಲ್ವ್. ಅಂಟಿಕೊಂಡಿದ್ದರೆ ಬಲ್ಬ್ ಬದಲಿಸುವುದೇ ದಾರಿ.

ಗೊಂದಲ ಬೇಡವಾದರೆ ಇನ್ನೊಂದು ಉಪಾಯ: ಬೇರೆ ದೋಣಿಯಲ್ಲಿ ಚೆನ್ನಾಗಿ ಓಡುತ್ತಿರುವ ಟ್ಯಾಂಕ್, ಪೈಪ್, ಬಲ್ಬ್ ಸಮೇತ ತಂದು ಜೋಡಿಸಿ ಅರ್ಧ ಗಂಟೆ ಓಡಿಸಿ. ನಿಲ್ಲದಿದ್ದರೆ ದೋಷ ನಿಮ್ಮ ಟ್ಯಾಂಕ್ ಕಡೆ. ಒಂದು ರೂಪಾಯಿ ಖರ್ಚಿಲ್ಲದ, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ.

ಕೋಡಿ_ಕಡಲು:
ನೀರಿನ ವಿಷಯ ಬಂದಿದ್ದರಿಂದ ಸೇರಿಸ್ತೇನೆ. ಕ್ಯಾನಿನ ತಳದ ಎಣ್ಣೆಯನ್ನು ಗಾಜಿನ ಬಾಟಲಿಗೆ ಹಿಡಿದು 15 ನಿಮಿಷ ಅಲುಗಾಡಿಸದೆ ಇಡಿ. ನೀರು ಇದ್ದರೆ ಕೆಳಗೆ ಗೆರೆ ಹಾಕಿದ ಹಾಗೆ ಬೇರೆಯಾಗ್ತದೆ. ನೀಲಿ ಸೀಮೆಎಣ್ಣೆಯಾದರೆ ಇನ್ನೂ ಸುಲಭ, ಕೆಳಗಿನ ಪದರಕ್ಕೆ ಬಣ್ಣವೇ ಇರುವುದಿಲ್ಲ. ಬ್ಯಾರೆಲ್‌ನಿಂದ ತುಂಬಿಸುವವರು ಬ್ಯಾರೆಲನ್ನು ಹಿಂದಿನ ರಾತ್ರಿಯೇ ಒಂದು ಬದಿಗೆ ಓರೆ ಮಾಡಿಟ್ಟು, ಎತ್ತರದ ಬದಿಯಿಂದ ಎಳೆದು, ಕೊನೆಯ ಎರಡು ಲೀಟರ್ ಬಿಟ್ಟುಬಿಡಬೇಕು. ಮಳೆಗಾಲದಲ್ಲಿ ಬ್ಯಾರೆಲ್ ನೆಟ್ಟಗೆ ನಿಲ್ಲಿಸಿದರೆ ಮೇಲಿನ ಅಂಚಿನೊಳಗೆ ನೀರು ನಿಂತು, ರಾತ್ರಿ ತಣಿದಾಗ ಬಿರಡೆಯ ಸಂದಿನಿಂದ ಒಳಗೆ ಎಳೆದುಕೊಳ್ತದೆ. ಮಲಗಿಸಿ, ಬಿರಡೆಗಳು ಅಡ್ಡ ಗೆರೆಯಲ್ಲಿ, ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಬರುವ ಹಾಗೆ ಇಡಿ.

ಹಿನ್ನೀರು_15:
ಇದೇ ತರಹದ ಪ್ರಶ್ನೆ, ಎಂಜಿನ್ ಬೇರೆ. ಶರಾವತಿ ಹಿನ್ನೀರಿನಲ್ಲಿ ಓಡುವ 15 ಎಚ್‌ಪಿ ಫೋರ್ ಸ್ಟ್ರೋಕ್, ಕಾರ್ಬರೇಟರ್ ಇರುವಂಥದ್ದು. ಪೆಟ್ರೋಲ್ ಮಾತ್ರ. ತಿಂಗಳುಗಟ್ಟಲೆ ನಿಂತ ಮೇಲೆ ಸ್ಟಾರ್ಟ್ ಆಗ್ತದೆ, ಫುಲ್‌ನಲ್ಲಿ ಓಡ್ತದೆ, ದಡಕ್ಕೆ ಬಂದು ಸ್ಲೋ ಮಾಡಿದ ಕೂಡಲೇ ನಿಲ್ತದೆ. ಚೋಕ್ ಅರ್ಧ ಎಳೆದರೆ ನಿಲ್ಲುವುದಿಲ್ಲ.

ಸ್ಪ್ಯಾನರ್_ಪೆಟ್ಟಿಗೆ:
ನಿಮ್ಮದು ಮರವಂತೆಯವರ ಕಾಯಿಲೆಯ ತಿರುಗುಮುರುಗು. ಫುಲ್‌ನಲ್ಲಿ ಸರಿ, ಸ್ಲೋದಲ್ಲಿ ನಿಲ್ತದೆ, ಚೋಕ್ ಎಳೆದರೆ ಬದುಕ್ತದೆ: ಸ್ಲೋದಲ್ಲಿ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿದೆ. ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರ್ತದೆ. ಅದು ಗಾಳಿಯ ತೇವ ಎಳೆದುಕೊಳ್ತದೆ. ಕಾರ್ಬರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ವಾರಗಟ್ಟಲೆ ನಿಂತರೆ ಅಂಟಾಗಿ, ಮೊದಲು ಕಟ್ಟುವುದು ಎಲ್ಲಕ್ಕಿಂತ ಸಣ್ಣ ತೂತು. ಅದೇ ಪೈಲಟ್ ಜೆಟ್.

ಕಾರ್ಬರೇಟರ್ ಬಿಚ್ಚುವ ಮೊದಲು ಪೈಲಟ್ ಸ್ಕ್ರೂವನ್ನು ಮೆಲ್ಲನೆ ಒಳಗೆ ತಿರುಗಿಸುತ್ತ ಎಷ್ಟು ಸುತ್ತಿಗೆ ಕೂತಿತು ಎಂದು ಎಣಿಸಿ ಬರೆದಿಡಿ. ಬಿಗಿ ಮಾಡಿದರೆ ಅದರ ಸೂಜಿ ತುದಿ ಹಾಳು. ಜೆಟ್ ಹಿತ್ತಾಳೆಯದು. ಉಕ್ಕಿನ ತಂತಿ, ಸೇಫ್ಟಿ ಪಿನ್ ಹಾಕಿದರೆ ತೂತು ದೊಡ್ಡದಾಗಿ ಮಿಶ್ರಣ ಶಾಶ್ವತವಾಗಿ ಕೆಡ್ತದೆ. ನೈಲಾನ್ ಗಾಳದ ದಾರದ ತುಂಡು ಒಳ್ಳೆಯದು, ಕಾರ್ಬ್ ಕ್ಲೀನರಿನಲ್ಲಿ ಒಂದು ಗಂಟೆ ನೆನೆಸಿ ಆಮೇಲೆ ಗಾಳಿ ಹೊಡೆಯಿರಿ. ಜೆಟ್ ಹಿಡಿದು ಆಕಾಶಕ್ಕೆ ನೋಡಿದರೆ ತೂತು ದುಂಡಗೆ, ಅಂಚು ಚೂಪಾಗಿ ಕಾಣಬೇಕು. ಬಟ್ಟಲಿನ ವಾಷರ್ ಹೊಸತು ಹಾಕಿ.

ಮುಂದೆ ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಪೈಪ್ ಕಳಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದದ್ದನ್ನು ಬಸಿದುಬಿಡಿ. ಪೆಟ್ರೋಲ್ ತಿಂಗಳಿಗೆ ಬೇಕಾದಷ್ಟೇ ತನ್ನಿ.

ಮರವಂತೆ_ದೋಣಿ:
ಜಾಲರಿ ಹೊರಗೆ ತೆಗೆದೆ. ನೀವು ಹೇಳಿದ ಕಂದು ಲೋಳೆ, ಜಾಲರಿಯ ಮುಕ್ಕಾಲು ಭಾಗ ಮುಚ್ಚಿತ್ತು. ಪೈಪಿನ ಒಳಪದರವೂ ಟ್ಯಾಂಕ್ ಕಡೆಯ ತುದಿಯಲ್ಲಿ ಬಿರಿದಿದೆ. ಟ್ಯಾಂಕ್ ನಾಲ್ಕು ಸಲ ತೊಳೆದು, ಪೈಪ್, ಬಲ್ಬ್ ಎರಡೂ ಹೊಸತು ಹಾಕಿದೆ. ಇಂದು 40 ನಿಮಿಷ ಫುಲ್‌ನಲ್ಲಿ ಓಡಿತು, ಬಲ್ಬ್ ಗಟ್ಟಿಯಾಗೇ ಇತ್ತು. ಆದರೆ 40ನೇ ನಿಮಿಷಕ್ಕೆ ಮತ್ತೆ ನಿಂತಿತು. ಈ ಸಲ ಏರಿಳಿತ ಇಲ್ಲ. ಟಕ್ ಅಂತ ನಿಂತಿತು. ಹದಿನೈದು ನಿಮಿಷ ಬಿಟ್ಟು ಎಳೆದರೆ ಸ್ಟಾರ್ಟ್. ಎಂತ ಮಾರಾಯ್ರೆ ಇದು?

ತಂತಿ_ಮೀಟರ್:
ಎರಡು ಕಾಯಿಲೆ ಒಟ್ಟಿಗೆ ಇದ್ದವು. ಮೊದಲನೆಯದು 17 ನಿಮಿಷಕ್ಕೇ ನಿಲ್ಲಿಸುತ್ತಿದ್ದುದರಿಂದ ಎರಡನೆಯದು ಕಾಣಿಸಿಕೊಳ್ಳುವಷ್ಟು ಎಂಜಿನ್ ಬಿಸಿಯಾಗುತ್ತಲೇ ಇರಲಿಲ್ಲ. ಮೊದಲ ರಿಪೇರಿ ವ್ಯರ್ಥ ಅಂದುಕೊಳ್ಳಬೇಡಿ.

ಇನ್ನು ನೋಡಬೇಕಾದ್ದು ಕಿಡಿ. ನಿಂತ ಕ್ಷಣಕ್ಕೇ ಪರೀಕ್ಷೆ ಆಗಬೇಕು, ತಣಿದ ಮೇಲೆ ಮಾಡಿದರೆ ಎಲ್ಲ ಸರಿ ಇದೆ ಅಂತಲೇ ಬರ್ತದೆ. ಎರಡು ಹಳೆಯ, ಚೊಕ್ಕ ಪ್ಲಗ್ ಮೊದಲೇ ತಯಾರಿಟ್ಟುಕೊಳ್ಳಿ. ನಿಂತ ಕೂಡಲೇ ಎರಡೂ ಕ್ಯಾಪ್ ಕಳಚಿ ಈ ಪ್ಲಗ್‌ಗಳಿಗೆ ಹಾಕಿ, ಪ್ಲಗ್ಗಿನ ಲೋಹದ ಮೈ ಸಿಲಿಂಡರ್ ಬ್ಲಾಕಿಗೆ ಬಿಗಿಯಾಗಿ ತಾಗುವ ಹಾಗೆ ಕ್ಲಿಪ್ ಹಾಕಿ, ಹಗ್ಗ ಎಳೆಯಿರಿ. ಎಂಜಿನ್ನಿನ ಪ್ಲಗ್ ಬಿಚ್ಚಬೇಡಿ, ತೂತಿನಿಂದ ಬರುವ ಎಣ್ಣೆ ಆವಿಗೆ ಕಿಡಿ ತಾಗಿದರೆ ಬೆಂಕಿ. ಕ್ಯಾಪನ್ನು ಗಾಳಿಯಲ್ಲಿ ತೂಗಬಿಟ್ಟು ಎಳೆಯಲೂ ಬೇಡಿ, ಸಿಡಿಐ ಸುಟ್ಟುಹೋಗಬಹುದು.

ಎರಡರಲ್ಲೂ ಕಿಡಿ ಇಲ್ಲ ಅಂದರೆ ಎರಡಕ್ಕೂ ಸಾಮಾನ್ಯವಾದ ಭಾಗ ಕೆಟ್ಟಿದೆ: ಸ್ಟಾಪ್ ಸ್ವಿಚ್ ಮತ್ತು ಅದರ ತಂತಿ, ಫ್ಲೈವೀಲ್ ಅಡಿಯಲ್ಲಿ ಸಿಡಿಐಗೆ ಕರೆಂಟ್ ಹುಟ್ಟಿಸುವ ಚಾರ್ಜ್ ಕಾಯಿಲ್, ಕಿಡಿಯ ಹೊತ್ತು ತಿಳಿಸುವ ಪಲ್ಸರ್ ಕಾಯಿಲ್, ಸಿಡಿಐ. ಒಂದರಲ್ಲಿ ಮಾತ್ರ ಇಲ್ಲ ಅಂದರೆ ಆ ಬದಿಯ ಕ್ಯಾಪ್, ತಂತಿ, ಕಾಯಿಲ್. ಒಂದೇ ಕಾಯಿಲಿನಿಂದ ಎರಡು ತಂತಿ ಹೊರಡುವ ಎಂಜಿನ್‌ಗಳೂ ಉಂಟು, ಅವುಗಳಲ್ಲಿ ಒಂದು ಬದಿಯ ತಂತಿ ಕಡಿದರೆ ಎರಡೂ ಸಾಯ್ತವೆ. ಹಾಗಾಗಿ ನಿಮ್ಮದು ಯಾವ ಬಗೆ ಎಂದು ಮೊದಲು ನೋಡಿಕೊಳ್ಳಿ.

ಅಘನಾಶಿನಿ_ತೀರ:
ಸ್ಟಾಪ್ ಸ್ವಿಚ್ಚನ್ನೇ ಮೊದಲು ಹಿಡಿಯಿರಿ. ಇದು ಕರೆಂಟ್ ಕಡಿಯುವ ಸ್ವಿಚ್ ಅಲ್ಲ, ಸಿಡಿಐ ಕರೆಂಟನ್ನು ಎಂಜಿನ್ನಿನ ಲೋಹದ ಮೈಗೆ ತಾಗಿಸಿ ಕಿಡಿ ಸಾಯಿಸುವ ಸ್ವಿಚ್. ಒಳಗೆ ಉಪ್ಪು ನೀರು ಹೋದರೆ ಒತ್ತದೆಯೇ ಒತ್ತಿದ ಹಾಗಾಗ್ತದೆ. ಟಿಲ್ಲರ್ ಹಿಡಿಕೆಯಿಂದ ಬರುವ ತಂತಿ ಬಾಗುವ ಜಾಗದಲ್ಲಿ ಸಿಪ್ಪೆ ಸುಲಿದು ಮೈಗೆ ತಾಗುವುದೂ ಉಂಟು. ಸ್ವಿಚ್ಚಿನಿಂದ ಸಿಡಿಐಗೆ ಹೋಗುವ ತಂತಿಯ ಕನೆಕ್ಟರ್ ಬಿಡಿಸಿ, ತುದಿಗೆ ಟೇಪ್ ಸುತ್ತಿ ಓಡಿಸಿ ನೋಡಿ. ಆಗ ಸ್ವಿಚ್ ಒತ್ತಿದರೆ, ಓಡಿಸುವವರು ಮೈಗೆ ಕಟ್ಟಿಕೊಳ್ಳುವ ಕೆಂಪು ಹಗ್ಗ ಎಳೆದರೆ ಎಂಜಿನ್ ನಿಲ್ಲುವುದಿಲ್ಲ. ಚೋಕ್ ಪೂರ್ತಿ ಎಳೆದು ನಿಲ್ಲಿಸಬೇಕು. ಜೊತೆಗೊಬ್ಬರು ಇರಲಿ, ಹೊಳೆಯಲ್ಲಿ ಮಾತ್ರ, ಪರೀಕ್ಷೆ ಮುಗಿದ ಕೂಡಲೇ ಮತ್ತೆ ಜೋಡಿಸಿ. ಅದನ್ನು ಬಿಡಿಸಿಯೇ ಕಡಲಿಗೆ ಹೋಗುವವರನ್ನು ಕಂಡರೆ ಎದೆ ಝಲ್ ಅಂತದೆ. ನೀರಿಗೆ ಬಿದ್ದವನ ಕಡೆಗೆ ದೋಣಿ ಸುತ್ತಿ ಬರುವಾಗ ಆ ಹಗ್ಗವೊಂದೇ ಫ್ಯಾನನ್ನು ನಿಲ್ಲಿಸುವುದು.

ಮರವಂತೆ_ದೋಣಿ:
ಸ್ಟಾಪ್ ತಂತಿ ಬಿಡಿಸಿ ಓಡಿಸಿದೆವು. 43 ನಿಮಿಷಕ್ಕೆ ನಿಂತಿತು. ತಕ್ಷಣ ಎರಡು ಪ್ಲಗ್ ಇಟ್ಟು ನೋಡಿದೆ: ಎರಡರಲ್ಲೂ ಕಿಡಿ ಇಲ್ಲ. ಹನ್ನೆರಡು ನಿಮಿಷದ ಮೇಲೆ ಎರಡರಲ್ಲೂ ನೀಲಿ ಕಿಡಿ. ಎರಡು ಕಾಯಿಲ್ ಬೇರೆ ಬೇರೆ ಇವೆ. ಸ್ಟಾಪ್ ತಂತಿ ಮತ್ತೆ ಜೋಡಿಸಿದೆ.

ತಂತಿ_ಮೀಟರ್:
ಒಳ್ಳೆಯ ಪರೀಕ್ಷೆ. ಸ್ವಿಚ್ ನಿರ್ದೋಷಿ, ಇಗ್ನಿಷನ್ ಕಾಯಿಲ್ ಎರಡೂ ಒಟ್ಟಿಗೆ ಸಾಯುವ ಸಂಭವ ಕಡಿಮೆ. ಈಗ ಮಲ್ಟಿಮೀಟರ್ ಬೇಕು. ಫ್ಲೈವೀಲ್ ಬಿಚ್ಚುವುದು ಬೇಡ. ಚಾರ್ಜ್ ಕಾಯಿಲ್, ಪಲ್ಸರ್ ಕಾಯಿಲ್ ಎರಡರ ತಂತಿಗಳೂ ಸಿಡಿಐ ಹತ್ತಿರದ ಕನೆಕ್ಟರಿಗೆ ಬರ್ತವೆ. ಅಲ್ಲಿ ಕಳಚಿ ಓಮ್ ಅಳೆಯಿರಿ. ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ನಿಂತ ಕೂಡಲೇ ಒಮ್ಮೆ. ತಣ್ಣನೆಯ ಅಳತೆಯನ್ನು ಎಂಜಿನ್ ಪುಸ್ತಕದ ಅಂಕಿಗೆ ಹೋಲಿಸಿ.

ಬಿಸಿಯಾದಾಗ ಓಮ್ ಸ್ವಲ್ಪ ಏರುವುದು ಸಹಜ, ಅದಕ್ಕೆ ಹೆದರಿ ಒಳ್ಳೆಯ ಕಾಯಿಲ್ ಎಸೆಯಬೇಡಿ. ತಾಮ್ರದ ತಡೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ 0.4 ಏರ್ತದೆ. 30 ಡಿಗ್ರಿಯಲ್ಲಿ 250 ಓಮ್ ಇದ್ದದ್ದು 80 ಡಿಗ್ರಿಯಲ್ಲಿ 300ರ ಆಸುಪಾಸು ತೋರಿಸಬೇಕು. ಮೀಟರ್ ಕುಣಿದಾಡಿದರೆ, ಸಾವಿರಗಟ್ಟಲೆ ಹಾರಿದರೆ, ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ತಣ್ಣಗಿದ್ದಾಗ ತುದಿಗಳು ತಾಗಿಕೊಂಡು ಕೆಲಸ ನಡೀತದೆ, ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ತದೆ. ಅಂಕಿ ಬಹಳ ಕಡಿಮೆಯಾದರೆ ಸುತ್ತುಗಳ ನಡುವೆ ವಾರ್ನಿಶ್ ಸುಟ್ಟು ಶಾರ್ಟ್ ಆಗಿದೆ. ಪ್ರತಿ ತಂತಿಯಿಂದ ಮೈಗೂ ಅಳೆಯಿರಿ, ಆದರೆ ಕೆಲವು ಮಾದರಿಯಲ್ಲಿ ಒಂದು ತುದಿ ಮೈಗೇ ಸೇರಿರ್ತದೆ, ವೈರಿಂಗ್ ಚಿತ್ರ ನೋಡಿಕೊಳ್ಳಿ.

ಎರಡೂ ಕಾಯಿಲ್ ಬಿಸಿಯಲ್ಲಿ ಸರಿ ಬಂದರೆ ಉಳಿಯುವುದು ಸಿಡಿಐ. ಅದನ್ನು ಓಮ್ ಮೀಟರಿನಲ್ಲಿ ನಂಬಿಕೆಯಿಂದ ಅಳೆಯಲಾಗದು. ಅದೇ ಮಾದರಿಯ ಓಡುವ ಎಂಜಿನ್ನಿಂದ ತಂದು ಹಾಕಿ ನೋಡುವುದೇ ದಾರಿ. ಅದಕ್ಕಾಗಿಯೇ ಕಾಯಿಲ್ ಮೊದಲು, ಸಿಡಿಐ ಕೊನೆಗೆ.

ಕೋಡಿ_ಕಡಲು:
ಕಾಯಿಲ್ ಬಿಸಿಗೆ ಸಾಯ್ತದೆ ಅಂದರೆ ಎಂಜಿನ್ ಅಗತ್ಯಕ್ಕಿಂತ ಹೆಚ್ಚು ಬಿಸಿಯಾಗುತ್ತಿಲ್ಲವಾ ಅಂತಲೂ ನೋಡಬೇಕಲ್ಲವಾ? ಧಾರೆ ಬೀಳ್ತದೆ ಅಂದ ಮಾತ್ರಕ್ಕೆ ನೀರು ಎಲ್ಲ ಕಡೆ ಹೋಗ್ತದೆ ಅಂತಲ್ಲ. ಕೆಲವು ಎಂಜಿನ್‌ಗಳಲ್ಲಿ ಧಾರೆಯ ಕವಲು ಸಿಲಿಂಡರ್ ತಲೆಗಿಂತ ಮೊದಲೇ ಒಡೀತದೆ. ತಲೆಯೊಳಗೆ ಉಪ್ಪು ಕಟ್ಟಿದ್ದರೂ ಧಾರೆ ಚೆನ್ನಾಗೇ ಇರ್ತದೆ.

ಸ್ಪ್ಯಾನರ್_ಪೆಟ್ಟಿಗೆ:
ಸರಿಯಾದ ಮಾತು. ಫುಲ್‌ನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಸಿಲಿಂಡರ್ ತಲೆಗೆ ಎರಡು ಹನಿ ನೀರು ಹಾಕಿ. ಚುರ್ ಅಂತ ಕುದಿದು ಹಾರಿದರೆ ತಲೆ 100 ಡಿಗ್ರಿ ದಾಟಿದೆ, ನಿಲ್ಲಿಸಿಬಿಡಿ. ಹನಿ ಮೆಲ್ಲಗೆ ಆರಿದರೆ ಭಯವಿಲ್ಲ.

ನೀರಿನ ಪಂಪಿನ ಇಂಪೆಲ್ಲರ್ (ನೀರೆತ್ತುವ ರೆಕ್ಕೆಯ ಚಕ್ರ) ನೋಡಿ ಒಂದು ವರ್ಷ ದಾಟಿದ್ದರೆ ಈಗಲೇ ಬದಲಿಸಿ. ನಮ್ಮ ಅಳಿವೆಗಳಲ್ಲಿ ಮರಳು ಎಳೆಯುವ ಎಂಜಿನ್ನಿಗೆ ಅದಕ್ಕಿಂತ ಹೆಚ್ಚು ಬಾಳಿಕೆ ನಿರೀಕ್ಷಿಸಬಾರದು. ಗೇರ್ ರಾಡಿನ ಜೋಡಣೆ ಬಿಡಿಸಿ, ಬೋಲ್ಟ್ ತೆಗೆದು ಕೆಳಭಾಗ ಇಳಿಸಿದರೆ ಪಂಪಿನ ಮನೆ ಕಾಣ್ತದೆ. ರೆಕ್ಕೆಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದರೆ, ತುದಿ ಸವೆದಿದ್ದರೆ, ಬುಡದಲ್ಲಿ ಬಿರುಕಿದ್ದರೆ ಹೊಸತು. ರೆಕ್ಕೆಯ ತುಂಡು ಕಾಣೆಯಾಗಿದ್ದರೆ ಅದು ಮೇಲಿನ ನೀರಿನ ಕೊಳವೆಯಲ್ಲಿ ಸಿಕ್ಕಿರ್ತದೆ. ಹುಡುಕಿ ತೆಗೆಯದೆ ಜೋಡಿಸಬೇಡಿ. ಹೊಸತು ಕೂರಿಸುವಾಗ ಶಾಫ್ಟಿನ ಸಣ್ಣ ಕೀ ಜಾರಿ ಬೀಳದಂತೆ ಒಂದು ಚಿಟಿಕೆ ಗ್ರೀಸ್, ರೆಕ್ಕೆಗಳಿಗೂ ತೆಳುವಾಗಿ ಗ್ರೀಸ್. ಪಂಪಿನ ಮನೆಯನ್ನು ಕೆಳಗೆ ಒತ್ತುತ್ತ ಶಾಫ್ಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗಿಸಿ. ಎಂಜಿನ್ ತಿರುಗುವ ದಿಕ್ಕೂ ಅದೇ, ಹಾಗಾಗಿ ರೆಕ್ಕೆಗಳು ಸರಿಯಾಗಿ ಬಾಗ್ತವೆ. ನೀರು ಒಳಬರುವ ಜಾಲರಿಯ ಸೀಳುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಪ್ಲಾಸ್ಟಿಕ್ ಹಾಳೆ ಬಂದು ಅಪ್ಪಿಕೊಳ್ಳುವುದೂ ಅಲ್ಲೇ.

ಮರವಂತೆ_ದೋಣಿ:
ಹನಿ ಆರ್ತದೆ, ಚುರ್ ಅನ್ನುವುದಿಲ್ಲ. ಇಂಪೆಲ್ಲರ್ ಹೊಸತು ಹಾಕಿದೆ, ಹಳೆಯದರ ಎರಡು ರೆಕ್ಕೆ ಬುಡದಲ್ಲಿ ಬಿರಿದಿದ್ದವು, ತುಂಡು ಕಳಚಿರಲಿಲ್ಲ. ಪಲ್ಸರ್ ಕಾಯಿಲ್ ತಣ್ಣಗೂ ಬಿಸಿಗೂ ಸರಿ, ನೀವು ಹೇಳಿದಷ್ಟೇ ಏರಿಕೆ. ಚಾರ್ಜ್ ಕಾಯಿಲ್ ಬೆಳಿಗ್ಗೆ ಪುಸ್ತಕದ ಅಂಕಿಯ ಒಳಗೇ ಇತ್ತು. ನಿಂತ ಕೂಡಲೇ ಅಳೆದರೆ ಮೀಟರ್ ಕುಣಿದು ಕೊನೆಗೆ ಖಾಲಿ. ಏಳು ನಿಮಿಷದ ಮೇಲೆ ಅಂಕಿ ವಾಪಸ್ ಬಂತು. ಸಿಕ್ಕಿತು ಅನಿಸ್ತದೆ. ಫ್ಲೈವೀಲ್ ಬಿಚ್ಚುವಾಗ ಏನು ಜಾಗ್ರತೆ?

ತಂತಿ_ಮೀಟರ್:
ಸಿಕ್ಕಿತು. ಫ್ಲೈವೀಲಿಗೆ ಪುಲ್ಲರ್ ಬೇಕೇ ಬೇಕು. ನಟ್ಟಿಗೆ ಸುತ್ತಿಗೆಯಿಂದ ಹೊಡೆದು ಬಿಡಿಸುವ ಅಭ್ಯಾಸ ಬಂದರಿನಲ್ಲಿ ಉಂಟು. ಅದರಿಂದ ಒಳಗೆ ಅಂಟಿಸಿದ ಆಯಸ್ಕಾಂತ ಬಿರುಕು ಬಿಡ್ತದೆ, ಕ್ರ್ಯಾಂಕ್ ಬೇರಿಂಗೂ ಪೆಟ್ಟು ತಿಂತದೆ. ಪುಲ್ಲರಿನ ಬೋಲ್ಟ್‌ಗಳನ್ನು ಫ್ಲೈವೀಲಿನ ನಡುವಿನ ತೂತುಗಳಿಗೇ ಹಾಕಿ. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಚಕ್ರ ಡೊಂಕಾಗ್ತದೆ.

ತೆಗೆದ ಮೇಲೆ ಕಾಯಿಲ್ ಇರುವ ರೀತಿಯ ಫೋಟೊ ತೆಗೆದುಕೊಳ್ಳಿ. ಹೊಸ ಕಾಯಿಲ್ ಕೂರುವ ಜಾಗದ ತುಕ್ಕು ತಿಕ್ಕಿ ತೆಗೆಯಿರಿ, ಭೂಮಿ ಸಂಪರ್ಕ ಅದರ ಮೂಲಕವೇ ಹೋಗುವ ಮಾದರಿಗಳುಂಟು. ತಂತಿ ಮೊದಲಿದ್ದ ಕ್ಲಿಪ್‌ಗಳಲ್ಲೇ ಸಾಗಲಿ, ಫ್ಲೈವೀಲಿಗೆ ಒರೆಸಿದರೆ ಒಂದೇ ದಿನದಲ್ಲಿ ಸಿಪ್ಪೆ ಹೋಗ್ತದೆ. ಕ್ರ್ಯಾಂಕಿನ ಓರೆ ಭಾಗ ಮತ್ತು ಫ್ಲೈವೀಲಿನ ಒಳಭಾಗ ಒಣ ಬಟ್ಟೆಯಿಂದ ಒರೆಸಿ, ಅಲ್ಲಿ ಗ್ರೀಸ್, ಆಯಿಲ್ ಬೇಡ. ಆ ಓರೆಯ ಹಿಡಿತವೇ ಚಕ್ರವನ್ನು ನಿಲ್ಲಿಸುವುದು, ಕೀ ಬರೀ ಜಾಗ ತೋರಿಸಲು. ಹಿಡಿತ ಜಾರಿದರೆ ಕೀ ಕತ್ತರಿಸಿ ಟೈಮಿಂಗ್ ತಪ್ತದೆ. ನಟ್ ಪುಸ್ತಕದ ಬಿಗಿತಕ್ಕೆ, ಟಾರ್ಕ್ ರೆಂಚ್‌ನಲ್ಲೇ.

ಸ್ಪ್ಯಾನರ್_ಪೆಟ್ಟಿಗೆ:
ಅಷ್ಟು ಬಿಚ್ಚಿದ ಮೇಲೆ ಒಂದು ಕಂಪ್ರೆಷನ್ ನೋಡಿಬಿಡಿ. ಎಂಜಿನ್ ಬಿಸಿ ಇರುವಾಗ ಎರಡೂ ಪ್ಲಗ್ ತೆಗೆದು, ಆ ಹೊತ್ತಿಗೆ ಎರಡೂ ಕ್ಯಾಪ್ ಮೈಗೆ ತಾಗಿಸಿಟ್ಟು, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವ ತನಕ ಎಳೆಯಿರಿ. ಎರಡು ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸೀಮೆಎಣ್ಣೆ ಮಾದರಿಯಲ್ಲಿ ಅಂಕಿ ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆಯೇ ಬರ್ತದೆ. ಸೀಮೆಎಣ್ಣೆಯ ಆಕ್ಟೇನ್ ಕಡಿಮೆ, ಕಂಪ್ರೆಷನ್ ಹೆಚ್ಚಿದ್ದರೆ ಬಡಿತ ಶುರುವಾಗಿ ಪಿಸ್ಟನ್ ತಲೆ ತೂತಾಗ್ತದೆ. ಅದಕ್ಕೇ ಹಾಗೆ ಮಾಡಿರುವುದು. ಪೆಟ್ರೋಲ್ ಎಂಜಿನ್ನಿಗೆ ಸೀಮೆಎಣ್ಣೆ ಕುಡಿಸುವವರು ಇದನ್ನು ಗಮನಿಸಬೇಕು.

ಸೀಮೆಎಣ್ಣೆಯಲ್ಲಿ ಓಡಿಸಿ ಹಾಗೇ ನಿಲ್ಲಿಸಬೇಡಿ. ದಡಕ್ಕೆ ಎರಡು ಮೂರು ನಿಮಿಷ ಇರುವಾಗಲೇ ಪೆಟ್ರೋಲಿಗೆ ತಿರುಗಿಸಿ, ಬಟ್ಟಲಿನ ಸೀಮೆಎಣ್ಣೆ ತೀರಲಿ. ಇಲ್ಲದಿದ್ದರೆ ಮರುದಿನದ ಎಳೆತಕ್ಕೆ ಪ್ಲಗ್ ಒದ್ದೆ. ಪೆಟ್ರೋಲ್–ಸೀಮೆಎಣ್ಣೆ ಬದಲಿಸುವ ಕಾಕಿನ ಓ-ರಿಂಗ್ ಹಳತಾಗಿದ್ದರೆ ಅಲ್ಲಿಂದಲೂ ಗಾಳಿ ಎಳೀತದೆ, ಜೊತೆಗೇ ಬದಲಿಸಿ.

ಮರವಂತೆ_ದೋಣಿ:
ಚಾರ್ಜ್ ಕಾಯಿಲ್ ಹೊಸತು, ಕಾಕಿನ ಓ-ರಿಂಗ್ ಹೊಸತು. ಕಂಪ್ರೆಷನ್ ಎರಡೂ ಬಹುತೇಕ ಒಂದೇ. ಇಂದು ಹೊಳೆಯಲ್ಲಿ ಒಂದು ಗಂಟೆ 50 ನಿಮಿಷ ಫುಲ್‌ನಲ್ಲಿ, ನಡುವೆ ಐದು ಸಲ ಸ್ಲೋ ಮಾಡಿ ನೋಡಿದ್ದು. ಒಮ್ಮೆಯೂ ನಿಲ್ಲಲಿಲ್ಲ. ಬಲ್ಬ್ ಕೊನೆಯ ತನಕ ಗಟ್ಟಿ. ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಹಳೆಯ ಕಾಯಿಲನ್ನು ಮೋಟರ್ ಸುತ್ತುವವರ ಹತ್ತಿರ ರಿವೈಂಡ್ ಮಾಡಿಸಿ ಸ್ಪೇರ್ ಇಟ್ಟುಕೊಳ್ಳಬಹುದಾ?

ತಂತಿ_ಮೀಟರ್:
ಮಾಡಿಸಬಹುದು, ಮೂರು ಷರತ್ತು. ತಂತಿಯ ದಪ್ಪ ಅದೇ ಇರಬೇಕು, ಸುತ್ತು ಅಷ್ಟೇ ಇರಬೇಕು, ಸುತ್ತುವ ದಿಕ್ಕು ಅದೇ ಇರಬೇಕು. ಹಳೆಯದನ್ನು ಬಿಚ್ಚುವಾಗ ಎಣಿಸಿ ಬರೆದಿಡಲು ಹೇಳಿ. ಸುತ್ತಿದ ಮೇಲೆ ವಾರ್ನಿಶ್‌ನಲ್ಲಿ ಮುಳುಗಿಸಿ ಒಲೆಯಲ್ಲಿ ಒಣಗಿಸಬೇಕು, ಬ್ರಷ್‌ನಲ್ಲಿ ಹಚ್ಚಿದ್ದು ನಡುಗುವ ಎಂಜಿನ್ನಿನ ಮೇಲೆ ನಿಲ್ಲುವುದಿಲ್ಲ. ಬಂದ ಮೇಲೆ ಹೇರ್ ಡ್ರೈಯರಿನಲ್ಲಿ ಕೈ ಇಡಲಾಗದಷ್ಟು ಬಿಸಿ ಮಾಡಿ ಓಮ್ ಅಳೆಯಿರಿ. ಅಂಕಿ ಕುಣಿಯದಿದ್ದರೆ ಎಂಜಿನ್ನಿಗೆ ಹಾಕಿ ಹೊಳೆಯಲ್ಲಿ ಒಂದು ಗಂಟೆ ಓಡಿಸಿ ನೋಡಿ, ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಎತ್ತಿಡಿ. ಡಬ್ಬದ ಮೇಲೆ ತಣ್ಣನೆಯ ಓಮ್ ಬರೆದಿರಲಿ.